ನಿಜಾಮರ ನಗರದಲ್ಲಿ ಅರಿವಳಿಕೆಯ ಪರೀಕ್ಷೆ

ಉಪ್ಪುಂದ, ಗಂಗೊಳ್ಳಿ, ಶಿರೂರಿನಂತಹ ಕರಾವಳಿಯ ಊರುಗಳ ಮನೆಯೊಂದರಲ್ಲಿ ಯಾರಿಗಾದರೂ ದೊಡ್ಡ ಆಪರೇಶನ್ ಆಗಬೇಕೆಂದು ವೈದ್ಯರು ಹೇಳಿದರೆ ಕುಟುಂಬದವರು ಸಾಮಾನ್ಯವಾಗಿ ಎರಡು ವಿಷಯಗಳನ್ನು ವಿಚಾರಿಸುತ್ತಾರೆ. ಕುಂದಾಪುರದಲ್ಲಿ ಮಾಡಿಸುವುದೋ ಮಣಿಪಾಲಕ್ಕೆ ಹೋಗುವುದೋ ಎಂಬುದು ಒಂದು. ಕತ್ತರಿ ಹಿಡಿಯುವ ಸರ್ಜನ್ ಯಾರು ಎಂಬುದು ಇನ್ನೊಂದು. ರೋಗಿಯ ತಲೆಯ ಬಳಿ ನಿಂತು, ಆತನ ಪ್ರಜ್ಞೆಯನ್ನು ಕಳೆದು, ಉಸಿರನ್ನು ತನ್ನ ಕೈಗೆ ತೆಗೆದುಕೊಂಡು, ಕೆಲಸ ಮುಗಿದ ಮೇಲೆ ಎರಡನ್ನೂ ಮರಳಿ ಒಪ್ಪಿಸುವ ವೈದ್ಯರ ಹೆಸರನ್ನು ಕೇಳುವವರು ವಿರಳ. ಡಿಸ್ಚಾರ್ಜ್ ಆಗಿ ಮನೆಗೆ ಬಂದ ಮೇಲೆಯೂ ನಾವು ಸರ್ಜನ್‌ಗಾಗಿ ದುಆ ಮಾಡುತ್ತೇವೆ, ಅರಿವಳಿಕೆ ತಜ್ಞರ ಮುಖವೂ ನೆನಪಿರುವುದಿಲ್ಲ. ಈ ವಿದ್ಯೆ ಎಲ್ಲಿಂದ ಬಂತು, ಅದು ಸುರಕ್ಷಿತವಾಗಲು ಏನೆಲ್ಲ ತೆರಬೇಕಾಯಿತು, ಅದರಲ್ಲಿ ದಖ್ಖಣದ ಒಂದು ಮುಸ್ಲಿಮ್ ಸಂಸ್ಥಾನದ ಪಾಲೇನು ಎಂಬುದನ್ನು ಇಲ್ಲಿ ನೋಡೋಣ.

ತಾಬಿಈಗಳಲ್ಲಿ ಶ್ರೇಷ್ಠರಾದ ಉರ್ವ ಬಿನ್ ಝುಬೈರ್(ರ)ರ ವೃತ್ತಾಂತವನ್ನು ನಮ್ಮಲ್ಲಿ ಬಹುತೇಕರು ಪ್ರವಚನಗಳಲ್ಲಿ ಕೇಳಿರುತ್ತೇವೆ. ಅವರು ಝುಬೈರ್ ಬಿನ್ ಅವ್ವಾಮ್(ರ) ಮತ್ತು ಅಸ್ಮಾ ಬಿಂತಿ ಅಬೂಬಕ್ಕರ್(ರ) ದಂಪತಿಯ ಪುತ್ರರು, ಮದೀನದ ಏಳು ಮಂದಿ ಫಕೀಹ್‌ಗಳಲ್ಲಿ ಒಬ್ಬರು. ಖಲೀಫ ವಲೀದ್ ಬಿನ್ ಅಬ್ದುಲ್ ಮಲಿಕ್‌ರ ಬಳಿಗೆ ದಮಾಸ್ಕಸ್‌ಗೆ ಹೋದಾಗ ಅವರ ಕಾಲಿಗೆ ಕೊಳೆಯುವ ರೋಗ ತಗುಲಿತು. ಕಾಲನ್ನು ಕತ್ತರಿಸದಿದ್ದರೆ ರೋಗ ಮೇಲೇರುವುದೆಂದು ವೈದ್ಯರು ಹೇಳಿದರು. ನೋವು ತಿಳಿಯದಂತೆ ಪ್ರಜ್ಞೆ ತಪ್ಪಿಸುವ ಪಾನೀಯವನ್ನು ಕುಡಿಯಿರೆಂದೂ ಹೇಳಿದರು. ಅವರು ನಿರಾಕರಿಸಿದರು, ಅಲ್ಲಾಹನ ಸ್ಮರಣೆಯಲ್ಲಿರುವಾಗಲೇ ಗರಗಸವು ಎಲುಬನ್ನು ದಾಟಿತು. ಅದೇ ಪ್ರಯಾಣದಲ್ಲಿ ಅವರ ಮಗನೊಬ್ಬ ಕುದುರೆಯ ಒದೆತಕ್ಕೆ ಸಿಕ್ಕಿ ಮೃತಪಟ್ಟನು. ಈ ಪ್ರಸಂಗವನ್ನು ಸಹನೆಯ ಪಾಠವಾಗಿ ಹೇಳುವುದು ಸರಿಯೇ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಇದರಲ್ಲಿ ಇನ್ನೊಂದು ಸಂಗತಿಯೂ ಕಾಣಿಸುತ್ತದೆ: ಹಿಜರಿ ಒಂದನೆಯ ಶತಮಾನ ಮುಗಿಯುವ ಮೊದಲೇ ದಮಾಸ್ಕಸ್‌ನ ವೈದ್ಯರ ಕೈಯಲ್ಲಿ ಅಂತಹ ಮದ್ದೊಂದು ಇತ್ತು, ಅದನ್ನು ಕೊಡಲು ಅವರು ಮುಂದೆ ಬಂದಿದ್ದರು. ಉರ್ವ(ರ)ರ ನಿರಾಕರಣೆ ಅವರ ಸ್ವಂತ ಭಕ್ತಿಯ ಆಯ್ಕೆಯಾಗಿತ್ತು. ಅದನ್ನು ಇತರ ರೋಗಿಗಳ ಮೇಲೆ ಯಾರೂ ಕಡ್ಡಾಯ ಮಾಡಲಿಲ್ಲ.

ಕಡ್ಡಾಯ ಮಾಡಲಿಲ್ಲವೆಂಬುದಕ್ಕೆ ಫಿಕ್ಹ್‌ನ ಗ್ರಂಥಗಳೇ ಸಾಕ್ಷಿ. ನಮ್ಮ ಕರಾವಳಿಯ ದರ್ಸ್‌ಗಳಲ್ಲಿ ಇಂದಿಗೂ ಯಾರ ಕೃತಿಗಳನ್ನು ಓದಿಸಲಾಗುತ್ತದೆಯೋ ಆ ಇಮಾಮ್ ನವವಿ(ರ)ಯವರು (ಮರಣ ಹಿ. 676) ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿದ್ದಾರೆ. ಕೊಳೆತ ಕೈಯನ್ನು ಕತ್ತರಿಸಲು ಬುದ್ಧಿಯನ್ನು ತಾತ್ಕಾಲಿಕವಾಗಿ ಮರೆಮಾಡಬೇಕಾದರೆ ಹಾಗೆ ಮಾಡಬಹುದು ಎಂಬ ಅಭಿಪ್ರಾಯವೇ ಹೆಚ್ಚು ಸರಿಯಾದುದೆಂದು ಅವರು ತೀರ್ಮಾನಿಸಿದರು. ಅವರ ಸಮಕಾಲೀನರಾದ ಈಜಿಪ್ಟಿನ ಮಾಲಿಕೀ ವಿದ್ವಾಂಸ ಇಮಾಮ್ ಖರಾಫಿ(ರ)ಯವರು ಅಮಲೇರಿಸುವುದು, ನಿದ್ದೆ ತರಿಸುವುದು, ಬುದ್ಧಿ ಕೆಡಿಸುವುದು ಎಂದು ಮೂರು ಬಗೆಯ ವಸ್ತುಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಮೂರಕ್ಕೂ ಒಂದೇ ವಿಧಿಯನ್ನು ಅನ್ವಯಿಸುವಂತಿಲ್ಲವೆಂದು ವಾದಿಸಿದರು. ಹೆಂಡಕ್ಕೂ ಮದ್ದಿಗೂ ಇರುವ ವ್ಯತ್ಯಾಸದ ಬಗ್ಗೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದವರ ಪರಂಪರೆ ನಮ್ಮದು. ಆದುದರಿಂದ ಆಪರೇಶನ್‌ಗೆ ಮುನ್ನ ಕೊಡುವ ಮದ್ದು ಹಲಾಲೋ ಹರಾಮೋ ಎಂದು ಇಂದು ಯಾರಾದರೂ ಅಂಜಿದರೆ, ಆ ಅಂಜಿಕೆಗೆ ಏಳುನೂರು ವರ್ಷಗಳಿಗೂ ಹಿಂದೆಯೇ ಉತ್ತರ ಸಿಕ್ಕಿದೆ.

ಹಳೆಯ ಗ್ರಂಥಗಳಲ್ಲಿ ಬರುವ ‘ಬನ್ಜ್’ ಎಂಬುದು ಯುನಾನಿ ಅಂಗಡಿಗಳಲ್ಲಿ ಖುರಾಸಾನಿ ಓಮ ಎಂಬ ಹೆಸರಿನಲ್ಲಿ ದೊರೆಯುವ ಬೀಜದ ಗಿಡ. ಅರಬರ ಆಡುಮಾತಿನಲ್ಲಿ ಆಸ್ಪತ್ರೆಯ ಅರಿವಳಿಕೆಗೆ ಇಂದಿಗೂ ಅದೇ ಹೆಸರು. ಅಫೀಮು, ಬನ್ಜ್, ಮ್ಯಾಂಡ್ರೇಕ್ ಬೇರು ಇವುಗಳನ್ನು ಇಬ್ನ್ ಸೀನಾ (ಕ್ರಿ.ಶ. 980–1037) ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ವಿವರಿಸಿದ್ದಾರೆ. ಉಸಿರಾಟ ಕಟ್ಟಿದಾಗ ಚಿನ್ನದ ಅಥವಾ ಬೆಳ್ಳಿಯ ಕೊಳವೆಯನ್ನು ಗಂಟಲಿನೊಳಕ್ಕೆ ಇಳಿಸಬೇಕೆಂದೂ ಅವರು ಬರೆದರು. ಕುರ್ತುಬದ ಬಳಿಯ ಅಬುಲ್ ಕಾಸಿಮ್ ಝಹ್ರಾವಿ ಶಸ್ತ್ರಚಿಕಿತ್ಸೆಯ ಸಲಕರಣೆಗಳ ಚಿತ್ರಗಳನ್ನೇ ಬರೆದಿಟ್ಟರು. ಇವೆಲ್ಲವೂ ಹೆಮ್ಮೆಯ ಸಂಗತಿಗಳು. ಆದರೆ ಅರಿವಳಿಕೆಯನ್ನು ಮುಸ್ಲಿಮರೇ ಕಂಡುಹಿಡಿದರು, ಪಾಶ್ಚಾತ್ಯರು ಕದ್ದರು ಎಂದು ನಮ್ಮ ಕೆಲವು ಭಾಷಣಗಾರರು ಹೇಳುವ ಮಾತನ್ನು ನಾವು ಒಪ್ಪಲಾರೆವು. ಆ ಗಿಡಮೂಲಿಕೆಗಳ ಸತ್ವ ಒಂದೊಂದು ಬೆಳೆಗೆ ಒಂದೊಂದು ರೀತಿ. ಪ್ರಮಾಣ ಕಡಿಮೆಯಾದರೆ ರೋಗಿ ಕೂಗಿಕೊಂಡು ಏಳುತ್ತಿದ್ದ, ಹೆಚ್ಚಾದರೆ ಏಳುತ್ತಲೇ ಇರಲಿಲ್ಲ. ಹೊಟ್ಟೆಗೆ ಇಳಿದ ಮದ್ದನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಬೇಕಾದಾಗ ಕೊಟ್ಟು ಸಾಕಾದಾಗ ನಿಲ್ಲಿಸಬಲ್ಲ ಮದ್ದು ಸಿಗುವವರೆಗೆ ಶಸ್ತ್ರವೈದ್ಯನ ಕೌಶಲ ಎಂದರೆ ಮುಖ್ಯವಾಗಿ ಅವನ ವೇಗವೇ ಆಗಿತ್ತು.

ಆ ಮದ್ದು ಉಸಿರಿನ ದಾರಿಯಲ್ಲಿ ಬಂತು. 1846ರ ಅಕ್ಟೋಬರ್ 16ರಂದು ಅಮೆರಿಕದ ಬೋಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ದಂತವೈದ್ಯ ವಿಲಿಯಂ ಮಾರ್ಟನ್ ಈಥರ್ ಆವಿಯನ್ನು ಉಸಿರಾಡಿಸಿ ರೋಗಿಯೊಬ್ಬನ ಪ್ರಜ್ಞೆ ತಪ್ಪಿಸಿದರು. ಕುತ್ತಿಗೆಯ ಗಡ್ಡೆಯನ್ನು ಸರ್ಜನ್ ಶಾಂತವಾಗಿ ತೆಗೆದರು. ಮರುವರ್ಷವೇ ಕಲ್ಕತ್ತದ ಮೆಡಿಕಲ್ ಕಾಲೇಜಿನಲ್ಲಿ ಈಥರ್ ಬಳಕೆಯಾಯಿತು. 1847ರ ನವೆಂಬರ್‌ನಲ್ಲಿ ಎಡಿನ್‌ಬರೋದ ಪ್ರಸೂತಿ ವೈದ್ಯ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮನ್ನು ಪರಿಚಯಿಸಿದರು. ನಮ್ಮ ದೇಶಕ್ಕೆ ಹಿಡಿಸಿದ್ದು ಇದೇ. ಕಾರಣ ಸರಳ: ಈಥರ್ ಸುಮಾರು 35 ಡಿಗ್ರಿಯಲ್ಲಿ ಕುದಿಯುತ್ತದೆ. ನಮ್ಮ ಬೇಸಗೆಯಲ್ಲಿ ಅದು ಬಾಟಲಿಯಿಂದ ಬಟ್ಟೆಗೆ ಬೀಳುವಷ್ಟರಲ್ಲಿ ಹಾರಿಹೋಗುತ್ತದೆ, ಹತ್ತಿರ ದೀಪವಿದ್ದರೆ ಹತ್ತಿಕೊಳ್ಳುತ್ತದೆ. ಕ್ಲೋರೋಫಾರ್ಮ್ ಕುದಿಯುವುದು 61 ಡಿಗ್ರಿಯಲ್ಲಿ. ಬೆಂಕಿಯ ಭಯವಿಲ್ಲ, ವಾಸನೆ ಹಿತ, ಜೇಬಿನಲ್ಲಿ ಹಿಡಿಸುವ ಚಿಕ್ಕ ಸೀಸೆ ಸಾಕು.

ಆದರೆ ಹೊಸ ಮದ್ದು ಬಂದು ಮೂರು ತಿಂಗಳಾಗುವ ಮೊದಲೇ, 1848ರ ಜನವರಿ 28ರಂದು, ಇಂಗ್ಲೆಂಡಿನ ನ್ಯೂಕಾಸಲ್ ಬಳಿಯ ಹಳ್ಳಿಯೊಂದರಲ್ಲಿ ಹನ್ನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಕ್ಲೋರೋಫಾರ್ಮ್ ಕೊಟ್ಟ ಕೆಲವೇ ನಿಮಿಷಗಳಲ್ಲಿ ಸತ್ತಳು. ಆಪರೇಶನ್ ಯಾವುದು? ಕಾಲ್ಬೆರಳ ಉಗುರು ತೆಗೆಯುವುದು. ಆಕೆ ಭಯದಿಂದ ನಡುಗುತ್ತಿದ್ದಳು. ಬಿಳಿಚಿಕೊಂಡಾಗ ಎಚ್ಚರಗೊಳಿಸಲೆಂದು ಬಾಯಿಗೆ ನೀರು, ಬ್ರಾಂದಿ ಹೊಯ್ದರು. ಸಿಂಪ್ಸನ್ ತನ್ನ ಮದ್ದನ್ನು ಬಿಟ್ಟುಕೊಡಲಿಲ್ಲ. ಪ್ರಜ್ಞೆಯಿಲ್ಲದವಳ ಗಂಟಲಿಗೆ ದ್ರವ ಸುರಿದದ್ದರಿಂದ ಉಸಿರು ಕಟ್ಟಿ ಸತ್ತಳೆಂದು ವಾದಿಸಿದರು. ಲಂಡನ್ನಿನ ಜಾನ್ ಸ್ನೋ ಹೃದಯವೇ ನಿಂತಿತೆಂದರು. ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿದ ಅದೇ ಸ್ನೋ ಇವರು. ಗಾಳಿಯಲ್ಲಿ ಆವಿಯ ಪ್ರಮಾಣ ಹೆಚ್ಚಾದಷ್ಟೂ ಹೃದಯಕ್ಕೆ ಅಪಾಯವೆಂದು ಅವರು ನಂಬಿದ್ದರು. ಕ್ಲೋರೋಫಾರ್ಮ್‌ನಿಂದಾದ ಐವತ್ತು ಸಾವುಗಳ ವಿವರವನ್ನೂ ಕಲೆಹಾಕಿದರು. ಹೀಗೆ ಎರಡು ಪಂಥಗಳಾದವು. ಎಡಿನ್‌ಬರೋದವರು ಉಸಿರನ್ನು ಗಮನಿಸಿ, ನಾಡಿಯನ್ನು ಬಿಡಿ ಎಂದರು. ಲಂಡನ್ನಿನವರು ನಾಡಿಯ ಮೇಲಿನ ಬೆರಳನ್ನು ತೆಗೆಯಬೇಡಿ ಎಂದರು. ನಲವತ್ತು ವರ್ಷಗಳ ಕಾಲ ಈ ಜಗಳ ತೀರಲಿಲ್ಲ, ಅಷ್ಟರಲ್ಲಿ ಸಾವುಗಳೂ ನಿಲ್ಲಲಿಲ್ಲ.

ಜಗಳ ತೀರ್ಮಾನಕ್ಕೆಂದು ಬಂದು ತಲುಪಿದ್ದು ಹೈದರಾಬಾದಿಗೆ. ಅಂದಿನ ನಿಜಾಮರ ಸಂಸ್ಥಾನದಲ್ಲಿ ಬೀದರ್, ಕಲಬುರಗಿ, ರಾಯಚೂರುಗಳೂ ಇದ್ದುದರಿಂದ ಇದು ಕನ್ನಡಿಗರಿಗೂ ಪರಕೀಯ ಚರಿತ್ರೆಯಲ್ಲ. ಹೈದರಾಬಾದ್ ಮೆಡಿಕಲ್ ಸ್ಕೂಲ್ ಸ್ಥಾಪನೆಯಾದದ್ದು ಬೋಸ್ಟನ್ನಿನ ಆ ಪ್ರಯೋಗ ನಡೆದ 1846ರಲ್ಲೇ. ಅಲ್ಲಿ ಮೊದಲ ದಶಕಗಳಲ್ಲಿ ಪಾಶ್ಚಾತ್ಯ ವೈದ್ಯವನ್ನು ಉರ್ದುವಿನಲ್ಲಿ ಕಲಿಸಲಾಗುತ್ತಿತ್ತು. ಮೂಸಿ ನದಿಯ ದಡದಲ್ಲಿ ಅಫ್ಝಲ್ ಗಂಜ್ ಆಸ್ಪತ್ರೆಯಿತ್ತು. 1880ರ ದಶಕದಲ್ಲಿ ಅಲ್ಲಿಗೆ ಬಂದ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎಡಿನ್‌ಬರೋ ಪಂಥದ ಅಚಲ ಅನುಯಾಯಿ. ಉಸಿರಾಟದ ಮೇಲೆ ಕಣ್ಣಿಟ್ಟರೆ ಕ್ಲೋರೋಫಾರ್ಮ್ ಯಾರನ್ನೂ ಕೊಲ್ಲುವುದಿಲ್ಲ ಎಂಬುದು ಅವರ ನಂಬಿಕೆ. ಅದನ್ನು ಸಾಬೀತುಪಡಿಸಲು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರಕಾರದ ನೆರವಿನಿಂದ 1888ರಲ್ಲಿ ಮೊದಲ ಆಯೋಗ ರಚಿಸಿ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಪ್ರತಿಯೊಂದರಲ್ಲೂ ಉಸಿರು ಮೊದಲು ನಿಂತಿತು, ಹೃದಯ ಆಮೇಲೆ.

ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಇದನ್ನು ನಂಬಲಿಲ್ಲ. ಯುರೋಪಿನ ಅನುಭವಕ್ಕೆ ಇದು ವಿರುದ್ಧವೆಂದು ಬರೆಯಿತು. ಆಗ ನಿಜಾಮರ ಸರಕಾರ ಮಾಡಿದ್ದನ್ನು ನಾವು ಮೆಚ್ಚಲೇಬೇಕು: ನಂಬದಿದ್ದರೆ ನಿಮ್ಮವರನ್ನೇ ಕಳುಹಿಸಿ, ವೆಚ್ಚ ನಮ್ಮದು ಎಂದು ಸಾವಿರ ಪೌಂಡುಗಳನ್ನು ಒದಗಿಸಿತು. ಪತ್ರಿಕೆ ಲಾಡರ್ ಬ್ರಂಟನ್ ಎಂಬ ಪ್ರಖ್ಯಾತ ಔಷಧ ವಿಜ್ಞಾನಿಯನ್ನು ಕಳುಹಿಸಿತು. ಹೃದಯದ ಎದೆನೋವಿಗೆ ಅಮೈಲ್ ನೈಟ್ರೈಟ್ ಬಳಸಬಹುದೆಂದು ತೋರಿಸಿಕೊಟ್ಟಿದ್ದ ಇವರು ಲಾರಿಯ ವಾದವನ್ನು ಅಲ್ಲಿಯವರೆಗೆ ಒಪ್ಪಿರಲಿಲ್ಲ. 1889ರ ಕೊನೆಯ ತಿಂಗಳುಗಳಲ್ಲಿ ಎರಡನೆಯ ಆಯೋಗ ಕುಳಿತಿತು. ಲಾರಿ, ಬ್ರಂಟನ್, ಬಾಮ್‌ಫರ್ಡ್ ಮತ್ತು ಸ್ಥಳೀಯರಾದ ರುಸ್ತುಮ್‌ಜಿ ಹಕೀಮ್ ಅದರ ಸದಸ್ಯರು. ನೂರಾರು ಪ್ರಾಣಿಗಳ ಮೇಲೆ, ರಕ್ತದೊತ್ತಡವನ್ನು ಸುರುಳಿ ಕಾಗದದ ಮೇಲೆ ದಾಖಲಿಸುವ ಅಂದಿನ ಅತ್ಯುತ್ತಮ ಉಪಕರಣಗಳೊಂದಿಗೆ ಪ್ರಯೋಗಗಳು ನಡೆದವು. ಬ್ರಂಟನ್ ಅಭಿಪ್ರಾಯ ಬದಲಾಯಿಸಿಕೊಂಡು ಲಂಡನ್ನಿಗೆ ತಂತಿ ಕಳುಹಿಸಿದರು. 1890ರಲ್ಲಿ ಲ್ಯಾನ್ಸೆಟ್ ವರದಿಯನ್ನು ಪ್ರಕಟಿಸಿತು. ಲಾರಿಗೆ ಜಯವಾಯಿತು.

ಈ ಪ್ರಯೋಗಗಳ ಕಾಲದಲ್ಲಿ ಮೆಡಿಕಲ್ ಸ್ಕೂಲಿನಲ್ಲಿ ಹೆಣ್ಣುಮಕ್ಕಳೂ ಕಲಿಯುತ್ತಿದ್ದರು. ಅವರಲ್ಲಿ ಪಾರ್ಸಿ ಸಮುದಾಯದ ರೂಪಾಬಾಯಿ ಫರ್ದೂನ್‌ಜಿಯವರ ಹೆಸರು ಇಂದು ಜಗತ್ತಿನ ಅರಿವಳಿಕೆ ಶಾಸ್ತ್ರದ ಚರಿತ್ರೆಯಲ್ಲಿದೆ. 1889ರಲ್ಲಿ ‘ಹಕೀಮ್’ ಪದವಿ ಪಡೆದು, ಕ್ಲೋರೋಫಾರ್ಮ್ ಕೊಡುವುದನ್ನೇ ವೃತ್ತಿಯಾಗಿಸಿಕೊಂಡ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆಯರ ಸಾಲಿನಲ್ಲಿ ಎಣಿಸಲಾಗುತ್ತದೆ. 1908ರಲ್ಲಿ ಮೂಸಿಯ ಮಹಾಪೂರ ಅಫ್ಝಲ್ ಗಂಜ್ ಆಸ್ಪತ್ರೆಯನ್ನು ನಾಶಮಾಡಿತು. ಮರುವರ್ಷ ರೂಪಾಬಾಯಿ ಹೆಚ್ಚಿನ ಓದಿಗಾಗಿ ಎಡಿನ್‌ಬರೋಗೆ ಹೋದರು. ಹೆಣ್ಣುಮಕ್ಕಳ ಓದಿನ ಬಗ್ಗೆ ನಮ್ಮ ಮನೆಗಳಲ್ಲಿ ಇಂದಿಗೂ ನಡೆಯುವ ಚರ್ಚೆಗಳಿಗೆ ಮುಸ್ಲಿಮ್ ದೊರೆಯೊಬ್ಬನ ಸಂಸ್ಥಾನದ ಈ ಉದಾಹರಣೆ ಒದಗಲಿ.

ಹಾಗಾದರೆ ಆಯೋಗ ಹೇಳಿದ್ದು ನಿಜವೇ? ಅರ್ಧ ನಿಜ; ಉಳಿದರ್ಧಕ್ಕೆ ರೋಗಿಗಳು ಪ್ರಾಣ ತೆತ್ತರು. ಹೈದರಾಬಾದಿನಲ್ಲಿ ಕಂಡದ್ದನ್ನು ಅವರು ಪ್ರಾಮಾಣಿಕವಾಗಿಯೇ ಬರೆದಿದ್ದರು. ಆದರೆ ಅವರು ಪ್ರಾಣಿಗಳಿಗೆ ಕ್ಲೋರೋಫಾರ್ಮನ್ನು ಧಾರಾಳವಾಗಿ, ಸತತವಾಗಿ ಕೊಟ್ಟಿದ್ದರು. ಆಸ್ಪತ್ರೆಗಳಲ್ಲಿ ಜನರು ಸಾಯುತ್ತಿದ್ದುದು ಹಾಗಲ್ಲ. ಹನ್ನಾಳಂತೆ, ಸಣ್ಣ ಆಪರೇಶನ್‌ಗಳಲ್ಲಿ, ಇನ್ನೂ ಪೂರ್ತಿ ನಿದ್ದೆ ಹತ್ತದ ಮೊದಲ ನಿಮಿಷಗಳಲ್ಲಿ, ಗಟ್ಟಿಮುಟ್ಟಾದ ಹರೆಯದವರೇ ಸಾಯುತ್ತಿದ್ದರು. 1911ರಲ್ಲಿ ಗುಡ್‌ಮನ್ ಲೆವಿ ಎಂಬ ಇಂಗ್ಲಿಷ್ ವೈದ್ಯರು ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ಇದರ ಒಳಗುಟ್ಟನ್ನು ಬಯಲಿಗೆಳೆದರು. ಕ್ಲೋರೋಫಾರ್ಮ್ ಅಲ್ಪ ಪ್ರಮಾಣದಲ್ಲಿರುವಾಗ ರಕ್ತದಲ್ಲಿ ಅಡ್ರಿನಲಿನ್ ಏರಿದರೆ ಹೃದಯವು ಲಯಬದ್ಧವಾಗಿ ಬಡಿಯುವುದನ್ನು ಬಿಟ್ಟು ಹುಳುಗಳ ಮುದ್ದೆಯಂತೆ ಅದುರತೊಡಗುತ್ತದೆ, ರಕ್ತ ಪಂಪಾಗುವುದಿಲ್ಲ, ಉಸಿರು ಇರುವಾಗಲೇ ಮನುಷ್ಯ ಸಾಯುತ್ತಾನೆ. ಅಡ್ರಿನಲಿನ್ ಏರುವುದು ಯಾವಾಗ? ಹೆದರಿದಾಗ. ಸ್ನೋ ಅವರ ಪಂಥ ಗುಮಾನಿಪಟ್ಟದ್ದರಲ್ಲಿ ಹುರುಳಿತ್ತು. ಉಸಿರನ್ನು ಕಾಯಬೇಕು ಎಂದ ಹೈದರಾಬಾದ್ ಸರಿ. ಉಸಿರೊಂದನ್ನೇ ಕಾದರೆ ಸಾಕು ಎಂದ ಹೈದರಾಬಾದ್ ತಪ್ಪು. ಲಾರಿ ಕೊನೆಯವರೆಗೂ ತಮ್ಮ ಮಾತನ್ನು ಬಿಡಲಿಲ್ಲ. ಒಬ್ಬ ಸರ್ಜನ್ನನ ಛಲ ಮತ್ತು ಒಂದು ಸಂಸ್ಥಾನದ ಪ್ರತಿಷ್ಠೆ ಒಂದಾದಾಗ ಪ್ರಯೋಗದ ಮಿತಿಯನ್ನು ಕೇಳುವವರಿಲ್ಲವಾಯಿತು ಎಂಬುದು ನಮ್ಮ ಅಭಿಪ್ರಾಯ.

ಕ್ಲೋರೋಫಾರ್ಮ್ ಇಂದು ಆಪರೇಶನ್ ಥಿಯೇಟರಿನಲ್ಲಿಲ್ಲ. 1956ರಲ್ಲಿ ಬಳಕೆಗೆ ಬಂದ ಹ್ಯಾಲೋಥೇನ್, ಆಮೇಲೆ ಐಸೋಫ್ಲೂರೇನ್, ಸೆವೋಫ್ಲೂರೇನ್, ರಕ್ತನಾಳಕ್ಕೆ ಕೊಡುವ ಹಾಲಿನ ಬಣ್ಣದ ಪ್ರೊಪೋಫಾಲ್ ಅದರ ಜಾಗವನ್ನು ತುಂಬಿವೆ. 1942ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ, ಬೇಟೆಯ ಬಾಣಕ್ಕೆ ಹಚ್ಚುವ ಕುರಾರೆ ಎಂಬ ವಿಷದಿಂದ ತೆಗೆದ ಮದ್ದನ್ನು ಸ್ನಾಯುಗಳನ್ನು ಸಡಿಲಿಸಲು ಬಳಸಿದಂದಿನಿಂದ ಇಡೀ ವಿದ್ಯೆಯ ಸ್ವರೂಪವೇ ಬದಲಾಯಿತು. ಮೊದಲು ಒಂದೇ ಮದ್ದನ್ನು ಹೆಚ್ಚು ಕೊಟ್ಟು ಎಲ್ಲವನ್ನೂ ಸಾಧಿಸಬೇಕಿತ್ತು. ಈಗ ಪ್ರಜ್ಞೆ ತಪ್ಪಿಸಲು ಒಂದು, ನೋವಿಗೆ ಒಂದು, ಸ್ನಾಯುಗಳಿಗೆ ಇನ್ನೊಂದು ಎಂದು ಸ್ವಲ್ಪ ಸ್ವಲ್ಪವೇ ಕೊಡುತ್ತಾರೆ. ಆದರೆ ಸ್ನಾಯುಗಳು ಸಡಿಲಗೊಂಡ ರೋಗಿಯ ಎದೆಯೂ ಏಳುವುದಿಲ್ಲ. ಅವನ ಪ್ರತಿಯೊಂದು ಉಸಿರೂ ಕೊಳವೆಯ ಮೂಲಕ ಬೇರೊಬ್ಬರ ಜವಾಬ್ದಾರಿಯಲ್ಲಿ ನಡೆಯುತ್ತದೆ. ಜನರು ಇದನ್ನು ನಿದ್ದೆ ಎನ್ನುತ್ತಾರೆ. ನಿದ್ದೆಯಲ್ಲಿರುವವನನ್ನು ಚುಚ್ಚಿದರೆ ಏಳುತ್ತಾನೆ, ಗಂಟಲಿಗೆ ಏನಾದರೂ ಬಂದರೆ ಕೆಮ್ಮುತ್ತಾನೆ. ಅರಿವಳಿಕೆಯಲ್ಲಿ ಈ ಎರಡೂ ಇಲ್ಲ.

ಹೈದರಾಬಾದಿನ ವ್ಯಾಜ್ಯವನ್ನು ಕೊನೆಗೆ ಬಗೆಹರಿಸಿದ್ದು ಯಂತ್ರಗಳು ಎನ್ನಬಹುದು. ಕೋವಿಡ್ ಕಾಲದಲ್ಲಿ ನಮ್ಮ ಮನೆಗಳಿಗೂ ಬಂದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ತತ್ವವನ್ನು 1974ರಲ್ಲಿ ಜಪಾನಿನ ತಾಕುವೊ ಅಯೊಯಾಗಿ ಪ್ರಕಟಿಸಿದರು. ಅದು ನಾಡಿಯನ್ನೂ ರಕ್ತದ ಆಮ್ಲಜನಕವನ್ನೂ ಒಟ್ಟಿಗೆ ತೋರಿಸುತ್ತದೆ. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುವ ಇನ್ನೊಂದು ಯಂತ್ರ, ಕೊಳವೆ ಶ್ವಾಸನಾಳದಲ್ಲಿದೆಯೋ ಅನ್ನನಾಳಕ್ಕೆ ಜಾರಿದೆಯೋ ಎಂಬುದನ್ನು ಕ್ಷಣದಲ್ಲಿ ತಿಳಿಸುತ್ತದೆ. ಇಸಿಜಿ, ರಕ್ತದೊತ್ತಡ, ದೇಹದ ಉಷ್ಣತೆ ಇವೂ ಜೊತೆಗಿರುತ್ತವೆ. ಇಷ್ಟಿದ್ದರೂ ತಜ್ಞರು ರೋಗಿಯನ್ನು ಬಿಟ್ಟು ಕದಲುವಂತಿಲ್ಲ.

ಯಂತ್ರಕ್ಕೆ ತಿಳಿಯದ, ಮನೆಯವರಿಗೆ ಮಾತ್ರ ತಿಳಿದಿರುವ ಸಂಗತಿಗಳು ಕೆಲವು ಇವೆ. ಅವುಗಳಲ್ಲಿ ಮೊದಲನೆಯದು ಹೊಟ್ಟೆ. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಜಠರದ ಆಮ್ಲ ಶ್ವಾಸಕೋಶವನ್ನು ಸುಡುತ್ತದೆಂದು 1946ರಲ್ಲಿ ಮೆಂಡಲ್ಸನ್ ಎಂಬ ವೈದ್ಯರು ಹೆರಿಗೆಯ ರೋಗಿಗಳಲ್ಲಿ ವಿವರಿಸಿದರು. ಲಘು ಆಹಾರವಾದರೆ ಆರು ಗಂಟೆ, ತುಪ್ಪದನ್ನ, ಮಾಂಸದಂತಹ ಜಿಡ್ಡಿನ ಊಟವಾದರೆ ಎಂಟು ಗಂಟೆ, ಎದೆಹಾಲಿಗೆ ನಾಲ್ಕು ಗಂಟೆ, ತಿಳಿನೀರಿಗೆ ಎರಡು ಗಂಟೆ ಎಂಬುದು ಸಾಮಾನ್ಯ ನಿಯಮ. ವೈದ್ಯರು ನಿರ್ದಿಷ್ಟ ರೋಗಿಗೆ ಬೇರೆ ಹೇಳಿದರೆ ಅದೇ ಅಂತಿಮ. ಹಾಲು ಹಾಕಿದ ಚಹಾ, ಗಂಜಿ ನೀರು ತಿಳಿನೀರಲ್ಲ. ರಮಝಾನ್‌ನಲ್ಲಿ ಮುಂಜಾನೆ ಐದಕ್ಕೆ ಸಹರಿ ಉಂಡವನ ಹೊಟ್ಟೆ ಹತ್ತು ಗಂಟೆಗೆ ಖಾಲಿಯಾಗಿದೆಯೆಂದು ಭಾವಿಸುವಂತಿಲ್ಲ, ಉಂಡ ಹೊತ್ತನ್ನು ಸ್ಪಷ್ಟವಾಗಿ ಹೇಳಬೇಕು. ಇನ್ನೊಂದು ಕಡೆ, ನಿಯಮಕ್ಕಿಂತ ಹೆಚ್ಚು ಹೊತ್ತು ಮಗುವನ್ನು ಬಾಯಾರಿಸಿಡುವುದರಲ್ಲಿ ಯಾವ ಲಾಭವೂ ಇಲ್ಲ. ಮಗು ಅಳುತ್ತದೆಂದು ಅಜ್ಜಿ ಕದ್ದು ಒಂದು ಬಿಸ್ಕತ್ತು ಕೊಟ್ಟಿದ್ದರೆ ಅದನ್ನು ಹೇಳಿಬಿಡಬೇಕು. ಆಪರೇಶನ್ ಕೆಲವು ಗಂಟೆ ಮುಂದೆ ಹೋಗುತ್ತದೆ, ಅಷ್ಟೇ.

ಬೀಡಿ, ಗುಟ್ಕಾ, ನಿದ್ದೆ ಮಾತ್ರೆ, ಹಕೀಮರ ಲೇಹ್ಯ, ರಕ್ತ ತೆಳುವಾಗಿಸುವ ಗುಳಿಗೆ, ಸಕ್ಕರೆ ಕಾಯಿಲೆಯ ಮದ್ದು ಯಾವುದನ್ನೂ ನಾಚಿಕೆಯಿಂದ ಮುಚ್ಚಿಡಬಾರದು. ಅಲುಗಾಡುವ ಹಲ್ಲು, ಹಲ್ಲಿನ ಸೆಟ್ಟು ಇದ್ದರೂ ತಿಳಿಸಬೇಕು. ಮದುವೆಯ ಕಪ್ಪು ಮೆಹಂದಿ, ಉಗುರಿನ ಬಣ್ಣ ಆಕ್ಸಿಮೀಟರ್‌ನ ಓದಿಗೆ ಅಡ್ಡಿಯಾಗಬಹುದು. ಇವೆಲ್ಲಕ್ಕಿಂತ ಮುಖ್ಯವಾದುದು ಕುಟುಂಬದ ಚರಿತ್ರೆ. ಸ್ನಾಯು ಸಡಿಲಿಸುವ ಒಂದು ಸಾಮಾನ್ಯ ಮದ್ದನ್ನು ಕರಗಿಸುವ ಕಿಣ್ವ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕೊರತೆಯಾಗಿರುತ್ತದೆ. ಕೆಲವೇ ನಿಮಿಷಗಳಲ್ಲಿ ಇಳಿಯಬೇಕಾದ ಮದ್ದು ಅಂಥವರಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ, ಅಷ್ಟು ಹೊತ್ತೂ ಉಸಿರನ್ನು ಯಂತ್ರವೇ ನಡೆಸಬೇಕು. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದರೆ ಮಾತ್ರ ತೊಂದರೆ ತೀವ್ರವಾಗುವುದರಿಂದ, ಸಂಬಂಧದೊಳಗೆ ಮದುವೆಗಳು ನಡೆದ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ‘ನಮ್ಮ ಚಿಕ್ಕಪ್ಪನಿಗೆ ಆಪರೇಶನ್ ಆದಾಗ ತುಂಬ ಹೊತ್ತು ಎಚ್ಚರವೇ ಆಗಿರಲಿಲ್ಲ’ ಎಂಬ ಮಾತು ಮನೆಯಲ್ಲಿ ಕತೆಯಾಗಿ ಉಳಿಯದೆ ವೈದ್ಯರ ಕಿವಿಗೆ ಬೀಳಬೇಕು.

ಹನ್ನಾಳ ಭಯವನ್ನೂ ನೆನಪಿಡೋಣ. ಇಂದಿನ ಮದ್ದುಗಳು ಕ್ಲೋರೋಫಾರ್ಮ್‌ನಂತಲ್ಲ, ಆದರೂ ಅಳುತ್ತ, ಕೈಕಾಲು ಬಡಿಯುತ್ತ ಒಳಹೋಗುವ ಮಗುವನ್ನು ಮಲಗಿಸುವುದು ಯಾವ ತಜ್ಞರಿಗೂ ಕಷ್ಟವೇ. ‘ಸುಮ್ಮನಿರು, ಇಲ್ಲದಿದ್ದರೆ ಡಾಕ್ಟರು ದೊಡ್ಡ ಸೂಜಿ ಚುಚ್ಚುತ್ತಾರೆ’ ಎಂದು ಹೆದರಿಸಿ ಕರೆತರುವುದಕ್ಕಿಂತ, ಉಮ್ಮ ಬಾಗಿಲವರೆಗೂ ಜೊತೆಗಿರುತ್ತಾಳೆ, ಎದ್ದಾಗಲೂ ಇರುತ್ತಾಳೆ ಎಂದು ಹೇಳಿ ಕರೆತರುವುದು ಮೇಲು.

ಆಪರೇಶನ್ ಮುಗಿದು ರೋಗಿಯನ್ನು ಹೊರತಂದಾಗ ನಮ್ಮವರ ಪ್ರೀತಿ ಉಕ್ಕುತ್ತದೆ. ಹಜ್ಜ್‌ನಿಂದ ಬಂದವರು ಕೊಟ್ಟ ಝಮ್‌ಝಮ್ ನೀರನ್ನು ಚಮಚದಲ್ಲಿ ತುಟಿಗೆ ಹಿಡಿಯುವುದು ಹಲವರ ರೂಢಿ. ಕಣ್ಣು ತೆರೆದವನಿಗೆ ನುಂಗುವ ಶಕ್ತಿ ಮರಳಿ ಬಂದಿದೆಯೆಂದು ಹೇಳಲಾಗದು. 1848ರಲ್ಲಿ ಆ ಹುಡುಗಿಯ ಬಾಯಿಗೆ ನೀರು ಹೊಯ್ದವರೂ ಆಕೆಯ ಪ್ರಾಣ ಉಳಿಸಲೆಂದೇ ಹೊಯ್ದಿದ್ದರು. ದುಆ ಮಾಡಲು ಯಾರ ಅಡ್ಡಿಯೂ ಇಲ್ಲ. ನರ್ಸ್ ಬಂದು ನೀರು ಕೊಡಬಹುದೆಂದು ಹೇಳುವವರೆಗೆ ಆ ಬಾಟಲಿ ಚೀಲದಲ್ಲಿಯೇ ಇರಲಿ.